ಒಂದೇ ನೀರಿನವರು

ಹೋದ ತಿಂಗಳು ಶಾಲೆಯಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರಿಗೆ ಸಂತಾಪ ಸಭೆ ನಡೆಯಿತು. "ಅವರಿಗೆ ಹತ್ತಿರದೋರು ಅಂದ್ರೆ ನೀವೇ, ಎರಡು ಮಾತಾಡಿ ಸಾರ್" ಎಂದು ಮುಖ್ಯೋಪಾಧ್ಯಾಯಿನಿ ನನ್ನ ಕೈಗೆ ಮೈಕು ಕೊಟ್ಟರು. ಸಜ್ಜನರು, ತುಂಬ ಓದಿಕೊಂಡವರು, ಹಳ್ಳಿ ಮಕ್ಕಳಿಗೆ ಇಂಗ್ಲಿಷಿನ ಭಯ ಬಿಡಿಸಿದವರು ಎಂದು ಹೇಳಿ ಕೂತುಬಿಟ್ಟೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಇದೇ ಮನುಷ್ಯನನ್ನು ನಾನು ಒಂದೂವರೆ ವರ್ಷ ಕಳ್ಳನೆಂದು ನಂಬಿಕೊಂಡಿದ್ದೆ ಎನ್ನುವುದನ್ನು ಮೈಕಿನಲ್ಲಿ ಹೇಳುವುದು ಹೇಗೆ? ಮೌನಾಚರಣೆಯ ಹೊತ್ತಿನಲ್ಲಿ ಎಲ್ಲರೂ ಕಣ್ಣು ಮುಚ್ಚಿ ನಿಂತಿದ್ದರು. ನಾನೊಬ್ಬ ಮಾತ್ರ ಕಣ್ಣು ಬಿಟ್ಟುಕೊಂಡು, ಇವರಲ್ಲಿ ಯಾರಿಗಾದರೂ ವಿಷಯ ಗೊತ್ತಿರಬಹುದೇ ಎಂದು ಒಂದೊಂದೇ ಮುಖ ನೋಡುತ್ತಿದ್ದೆ.

ಅನುಮಾನ ನನ್ನ ಹುಟ್ಟುಗುಣ. ಹಾಲಿನವನು ಹಾಲು ಹಾಕಿ ಬೆನ್ನು ತಿರುಗಿಸುತ್ತಲೇ ಅದರೊಳಗೆ ಶಾಲೆಯ ಲ್ಯಾಕ್ಟೋಮೀಟರ್ ಇಳಿಬಿಡುವವನು ನಾನು. ವಿಜ್ಞಾನದ ಮೇಷ್ಟ್ರು, ಎಲ್ಲವನ್ನೂ ಪರೀಕ್ಷೆ ಮಾಡಿಯೇ ಒಪ್ಪುತ್ತಾರೆ ಎಂದು ಊರಿನವರು ಹೊಗಳುತ್ತಿದ್ದರು. ನನ್ನ ಹೆಂಡತಿಗೆ ಮಾತ್ರ ನಿಜ ಗೊತ್ತಿತ್ತು. "ನಿಮ್ದು ಪರೀಕ್ಷೆ ಅಲ್ಲ ಕಣ್ರೀ, ಮೊದ್ಲು ತೀರ್ಪು, ಆಮೇಲೆ ಸಾಕ್ಷಿ" ಎನ್ನುತ್ತಿದ್ದಳು.

ನಮ್ಮದು ಮಧುರೆ ಹೋಬಳಿಯ ಒಂದು ಸರ್ಕಾರಿ ಪ್ರೌಢಶಾಲೆ. ಅವರು ಅಲ್ಲಿಗೆ ಇಂಗ್ಲಿಷ್ ಮೇಷ್ಟ್ರಾಗಿ ಬಂದಾಗ ನಾನಾಗಲೇ ಅಲ್ಲಿ ಎಂಟು ವರ್ಷ ಹಳಬ. ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಹುಟ್ಟಿದವರು, ನಮ್ಮೂರಿನ ಹೆಣ್ಣನ್ನು ಮದುವೆಯಾದವರು. ಎತ್ತರದ ಆಳು, ಮೈಯಲ್ಲಿ ಮಾಂಸವಿಲ್ಲ, ದನಿ ಮಾತ್ರ ಊರಗಲ. ಹಗಲೂ ಇರುಳೂ ಪವರ್‌ಲೂಮಿನ ಸದ್ದಿನ ಮೇಲೆ ಮಾತಾಡಿ ಬೆಳೆದವರಿಗೆ ಮೆಲುದನಿ ಎನ್ನುವುದು ಬರುವುದೇ ಇಲ್ಲ. ಅವರು ಸ್ಟಾಫ್ ರೂಮಿನಲ್ಲಿ ನನ್ನ ಕಿವಿಗೆ ಗುಟ್ಟು ಹೇಳಿದರೆ ಒಂಬತ್ತನೇ ತರಗತಿಯವರು ನಗುತ್ತಿದ್ದರು. ಬಾಯಿ ಮುಚ್ಚಿಕೊಳ್ಳಲು ಬಾರದ ಇಂಥ ಮನುಷ್ಯ ಒಂದೂವರೆ ವರ್ಷ ಗುಟ್ಟಾಗಿ ಕಳ್ಳತನ ಮಾಡುತ್ತಿದ್ದಾನೆಂದು ನಾನು ನಂಬಿದೆನಲ್ಲ, ಇದಕ್ಕೆ ಏನೆನ್ನಬೇಕು?

ಅವರಿಗೆ ಒಂದು ಹುಚ್ಚಿತ್ತು. ಯಾವ ಪದ ಸಿಕ್ಕಿದರೂ ಅದರ ಮೂಲ ಕೆದಕಬೇಕು. ಬೋರ್ಡಿನ ಮೇಲೆ ಹೊಸ ಪದ ಬರೆದು, ಎರಡು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈ ಇಟ್ಟುಕೊಂಡು, "ಏನಪ್ಪಾ, ಯಾವೂರು ನಿಂದು? ಯಾರ ಪೈಕಿ?" ಎಂದು ಆ ಪದವನ್ನೇ ಕೇಳುತ್ತಿದ್ದರು. ಹೆಣ್ಣು ನೋಡಲು ಬಂದ ಗಂಡಿನ ಕಡೆಯವರನ್ನು ಜಗುಲಿಯ ಮೇಲೆ ಕೂರಿಸಿಕೊಂಡು ವಿಚಾರಿಸುತ್ತಾರಲ್ಲ, ಹಾಗೆ. ಒಮ್ಮೆ 'ಮಸಲ್' ಎನ್ನುವ ಪದ ಬಂತು. ಲ್ಯಾಟಿನ್‌ನಲ್ಲಿ ಅದಕ್ಕೆ ಪುಟ್ಟ ಇಲಿ ಎಂದು ಅರ್ಥವಂತೆ, ತೋಳು ಮಡಚಿದಾಗ ಚರ್ಮದಡಿ ಇಲಿ ಓಡಾಡಿದ ಹಾಗೆ ಕಾಣುವುದಕ್ಕೆ ಆ ಹೆಸರಂತೆ. ಅವತ್ತಿನಿಂದ ಇಡೀ ಶಾಲೆಯ ಹುಡುಗರು ತೋಳು ಮಡಚಿಕೊಂಡು "ಸಾರ್, ನನ್ ಇಲಿ ನೋಡಿ" ಎಂದು ಅವರ ಹಿಂದೆ ಬೀಳುತ್ತಿದ್ದರು. ಅವರು ಒಬ್ಬೊಬ್ಬರದನ್ನೂ ಮುಟ್ಟಿ ನೋಡಿ, "ನಿಂದಿನ್ನೂ ಕಣ್ಣೇ ಬಿಟ್ಟಿಲ್ಲ ಕಣೋ" ಎನ್ನುತ್ತಿದ್ದರು. ಪದಗಳ ಜಾತಕವನ್ನೇ ಇಷ್ಟು ಜಾಲಾಡುವವರು ನಮ್ಮ ಮನೆತನದ ಬಗ್ಗೆ ಊರಲ್ಲಿ ಏನೇನು ಕೆದಕಿರಬಹುದು ಎಂದು ನಾನು ಆಗಲೇ ಯೋಚಿಸಿದ್ದೆ.

ಅವರ ಹೆಂಡತಿಗೆ ತವರಿನಿಂದ ಅರಿಶಿನ ಕುಂಕುಮಕ್ಕೆಂದು ಬಂದಿದ್ದ ಒಂದೂವರೆ ಎಕರೆ ಜಮೀನು ನನ್ನ ಜಮೀನಿಗೆ ಅಂಟಿಕೊಂಡೇ ಇತ್ತು. ನನ್ನದು ದಿಣ್ಣೆಯ ಮೇಲೆ, ಅವರದು ಕೆಳಗೆ. ಆಕೆಯೇ ನಿಂತು ಬೇಸಾಯ ಮಾಡುತ್ತಿದ್ದರು. ನಮ್ಮೂರ ಹೆಣ್ಣುಮಗಳಾದ್ದರಿಂದ ನನ್ನನ್ನು ಅಣ್ಣ ಎನ್ನುತ್ತಿದ್ದರು, ನಾನೂ ಗೌರವಕ್ಕೆ ಅಕ್ಕಾ ಎನ್ನುತ್ತಿದ್ದೆ. ಗಂಡನನ್ನು ಅಲ್ಲಿಗೆ ಕರೆದುಕೊಂಡು ಹೋದರೆ ಹುರುಳಿಕಾಯಿ ಕೀಳುವುದು ಬಿಟ್ಟು ಹುರುಳಿಕಾಯಿ ಎಂಬ ಪದ ಎಲ್ಲಿಂದ ಬಂತೆಂದು ಯೋಚಿಸುತ್ತ ನಿಲ್ಲುತ್ತಾರೆ ಎಂದು ಗೊಣಗುತ್ತಿದ್ದರು.

ನನ್ನ ಜಮೀನಿನಲ್ಲಿ ಎರಡು ಸಲ ಕೊಳವೆಬಾವಿ ಕೊರೆಸಿ ಎರಡೂ ಸಲ ಬರೀ ಧೂಳು ಬಂದಿತ್ತು. ಅವರದರಲ್ಲಿ ಒಂದು ಸಲ. ಕೊನೆಗೆ ನೀರು ನೋಡುವವನೊಬ್ಬ ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಎರಡೂ ಜಮೀನು ಸುತ್ತಿದ. ನಮ್ಮಿಬ್ಬರ ನಡುವಿನ ಬದುವಿನ ಮೇಲೆ ಬಂದಾಗ ಕಾಯಿ ಎದ್ದು ನಿಂತಿತು. ನಾನು ನಂಬಲಿಲ್ಲ, ಆದರೂ ಜೊತೆಯಾಗಿ ಕೊರೆಸಲು ಒಪ್ಪಿದೆ. ಮಾರನೆಯ ದಿನ ಸಂಜೆ ಐದಕ್ಕೆ ಕೆಸರು ಚಿಮ್ಮಿತು, ಅದರ ಹಿಂದೆಯೇ ನೀರು. ಇಂಗ್ಲಿಷ್ ಮೇಷ್ಟ್ರು ಮೊಣಕಾಲ ತನಕ ಪ್ಯಾಂಟು ಮಡಚಿಕೊಂಡು, ಮುಖದ ತುಂಬ ಕೆಸರು ಮಾಡಿಕೊಂಡು, ಬಾವಿ ಕೊರೆಯುವ ಲಾರಿಯ ಸದ್ದನ್ನೂ ಮೀರಿಸಿ ಕೂಗಿದರು.

"ಮೇಷ್ಟ್ರೇ! ಇವತ್ತಿಂದ ನಾವಿಬ್ರೂ ರೈವಲ್ಸ್!"

ನೆರೆದ ಜನರೆಲ್ಲ ತಿರುಗಿ ನೋಡಿದರು. ಅವರೇ ಬಿಡಿಸಿ ಹೇಳಿದರು. "ಲ್ಯಾಟಿನ್‌ನಲ್ಲಿ ರೀವುಸ್ ಅಂದ್ರೆ ತೊರೆ, ಕಾಲುವೆ. ಒಂದೇ ಕಾಲುವೆ ನೀರು ಬಳಸೋ ಅಕ್ಕಪಕ್ಕದೋರಿಗೆ ರಿವಾಲಿಸ್ ಅಂತಿದ್ರು. ಅದೇ ಪದ ಇಂಗ್ಲಿಷಿಗೆ ಬಂದು ರೈವಲ್ ಆಯ್ತು, ಎದುರಾಳಿ ಆಯ್ತು. ದೂರದೋನು ನಮಗೆ ರೈವಲ್ ಆಗೋಕೇ ಆಗಲ್ಲ ನೋಡಿ. ಒಂದೇ ನೀರು ಕುಡಿಯೋನಿಗೆ ಮಾತ್ರ ಆ ಪದವಿ!"

"ಅಂಗಾರೆ ನಮ್ಮ ದಾಯಾದಿ ಇದ್ದಂಗೆ ಬುಡಿ" ಎಂದ ಒಬ್ಬ ಮುದುಕ.

ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮುದುಕನ ಎರಡೂ ಕೈ ಹಿಡಿದುಕೊಂಡು ಕುಲುಕಿದರು. "ಕರೆಕ್ಟ್ ಯಜಮಾನ್ರೇ! ದಾಯ ಅಂದ್ರೆ ಪಿತ್ರಾರ್ಜಿತದ ಪಾಲು. ಪಾಲಿಗೆ ಹಕ್ಕಿರೋನು ದಾಯಾದಿ, ಅಷ್ಟೇ. ಹೊಟ್ಟೆಕಿಚ್ಚೆಲ್ಲ ಆಮೇಲೆ ಸೇರಿಸಿದ್ದು ನಾವು. ಅವರು ನೀರಿಂದ ಶುರು ಮಾಡಿದ್ರು, ನಾವು ಮನೆಯಿಂದ. ಕೊನೆಗೆ ಹೋಗಿ ನಿಂತಿದ್ದು ಒಂದೇ ಕಡೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ರಾತ್ರಿ ಊಟಕ್ಕೆ ಕೂತಾಗ ಆ ಮಾತು ಗಂಟಲಿಗೆ ಸಿಕ್ಕಿಕೊಂಡಿತು. ನೀರು ಬಂದ ಮೊದಲ ದಿನವೇ ಎದುರಾಳಿಯ ಮಾತೇಕೆ? ತಮಾಷೆಯ ನೆಪದಲ್ಲಿ ಮುಂದಿನದಕ್ಕೆ ಈಗಲೇ ಸೂಚನೆ ಕೊಟ್ಟರೇ? ಮರುದಿನ ಸ್ಟಾಫ್ ರೂಮಿನಲ್ಲಿ ಅವರು, "ರಿವರ್‌ಗೂ ರೈವಲ್‌ಗೂ ಸಂಬಂಧ ಇಲ್ಲ ಮೇಷ್ಟ್ರೇ, ನೋಡೋಕೆ ಅಣ್ಣತಮ್ಮಂದಿರ ಥರ ಕಾಣ್ತವೆ, ಬೇರೆ ಬೇರೆ ಮನೆತನ. ನಾನೂ ಮೋಸ ಹೋಗಿದ್ದೆ" ಎಂದಾಗ, ನೋಡಲು ಅಣ್ಣತಮ್ಮಂದಿರ ಹಾಗೆ ಕಾಣುವವರ ಮೋಸ ಎಂದು ನನ್ನ ತಲೆಯಲ್ಲಿ ಇನ್ನೊಂದು ಗೆರೆ ಬಿತ್ತು.

ಸರದಿ ಹೀಗಿತ್ತು. ಸೋಮವಾರ, ಬುಧವಾರ, ಶುಕ್ರವಾರ ಅವರ ನೀರು. ಮಂಗಳವಾರ, ಗುರುವಾರ, ಶನಿವಾರ ನನ್ನದು. ಭಾನುವಾರ ದನದ ತೊಟ್ಟಿ ತುಂಬಿಸಿ ಮೋಟಾರಿಗೆ ರಜೆ. ಬದುವಿನ ಮೇಲೆ ಎರಡು ಗೇಟ್‌ವಾಲ್ವ್, ಒಂದು ಅವರ ಪೈಪಿಗೆ, ಒಂದು ನನ್ನದಕ್ಕೆ. ತ್ರೀಫೇಸ್ ಕರೆಂಟು ಬಂದರೆ ಮೋಟಾರು ತಾನಾಗಿಯೇ ಓಡುತ್ತಿತ್ತು. ಅವತ್ತಿನ ಸರದಿಯವರು ತಮ್ಮ ವಾಲ್ವ್ ತೆರೆದು, ಇನ್ನೊಬ್ಬರದನ್ನು ಮುಚ್ಚಬೇಕು. ಬೀಗವಿರಲಿಲ್ಲ. ಬೀಗ ಹಾಕೋಣ ಎಂದು ನಾನು ಅಂದಿದ್ದೆ. "ಥೂ, ಮೇಷ್ಟ್ರುಗಳು ನಾವು" ಎಂದು ಅವರು ನಕ್ಕುಬಿಟ್ಟಿದ್ದರು.

ಮೊದಲ ಮಳೆಗಾಲ ಚೆನ್ನಾಗಿಯೇ ಹೋಯಿತು. ಆಮೇಲೆ, ಅಲ್ಲಿಯವರೆಗೆ ಟ್ಯಾಂಕರ್ ನೀರಿನಲ್ಲಿ ಉಳಿಸಿಕೊಂಡಿದ್ದ ನನ್ನ ದ್ರಾಕ್ಷಿ ಚಪ್ಪರದ ಮೇಲಿನ ಸಾಲುಗಳಿಗೆ ನೀರು ಏರುವುದು ಕಡಿಮೆಯಾಯಿತು. ಬಳ್ಳಿ ಸವರಿಸಿ ಕಟಿಂಗ್ ಮಾಡಿಸಿದ್ದೆ, ಚಿಗುರೊಡೆಯುವ ಕಾಲ, ಚಿಗುರು ಅರ್ಧಕ್ಕೇ ಮುರುಟಿಕೊಂಡಿತು. ಕೆಳಗೆ ಅವರ ಹುರುಳಿಕಾಯಿ ಮಾತ್ರ ಹಸಿರಾಗಿ ನಗುತ್ತಿತ್ತು. ಒಂದೇ ಬಾವಿ, ಒಂದೇ ಮೋಟಾರು, ಸಮಸಮ ದಿನ. ಹಾಗಾದರೆ ನನ್ನ ನೀರು ಎಲ್ಲಿಗೆ ಹೋಯಿತು?

ಕೇಳಬಹುದಿತ್ತು. ದಿನಾ ಒಂದೇ ಬೆಂಚಿನ ಮೇಲೆ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದೆವು. ಕೇಳಲಿಲ್ಲ. ಬದಲಿಗೆ ಒಂದು ಗುರುವಾರ ಬೆಳಿಗ್ಗೆ ಜೇಬಿನಿಂದ ಸೀಮೆಸುಣ್ಣ ತೆಗೆದು, ಅವರ ವಾಲ್ವಿನ ಚಕ್ರಕ್ಕೂ ಅದರ ಕೆಳಗಿನ ಕಬ್ಬಿಣಕ್ಕೂ ಸೇರಿಸಿ ಒಂದು ನೇರ ಗೆರೆ ಎಳೆದೆ. ಸಂಜೆ ಹೋಗಿ ನೋಡಿದರೆ ಗೆರೆ ಹೆಬ್ಬೆರಳಗಲ ಪಕ್ಕಕ್ಕೆ ಸರಿದಿತ್ತು. ಸಿಕ್ಕಿಬಿದ್ದರು ಎಂದುಕೊಂಡೆ. ಆ ಚಕ್ರ ಸಡಿಲವಾಗಿತ್ತು, ಮೋಟಾರಿನ ಅದುರಿಗೆ ತಾನೇ ಅಲುಗುತ್ತಿತ್ತು ಎನ್ನುವುದು ವಿಜ್ಞಾನದ ಮೇಷ್ಟ್ರಿಗೆ ಹೊಳೆಯಲಿಲ್ಲ. ಹೊಳೆಯುವುದು ನನಗೆ ಬೇಕಾಗಿರಲಿಲ್ಲ.

ಮುಂದಿನ ಸೋಮವಾರದಿಂದ ನಾನು ಶುರು ಮಾಡಿದೆ. ಅವರ ದಿನಗಳಲ್ಲಿ ಊಟದ ಬಿಡುವಿನಲ್ಲಿ ಬೇಗ ಡಬ್ಬಿ ಮುಗಿಸಿ, ಸ್ಕೂಟರ್ ಹತ್ತಿ ಹೋಗಿ ನನ್ನ ವಾಲ್ವನ್ನು ಎರಡು ಸುತ್ತು ತೆರೆದು ಬರುತ್ತಿದ್ದೆ. ಶಾಲೆ ಬಿಟ್ಟ ಮೇಲೆ ಹೋಗಿ ಮುಚ್ಚುತ್ತಿದ್ದೆ. ಎರಡು ಹೊತ್ತಿನಲ್ಲೂ ಅವರ ಹೆಂಡತಿ ಕಣ್ಣಿಗೆ ಬೀಳುತ್ತಿರಲಿಲ್ಲ, ಮನೆಗೆ ಹೋಗಿರುತ್ತಾರೆ ಎಂದುಕೊಂಡಿದ್ದೆ. ಸಂಜೆ ಅವರು ಎದುರಾಗುವ ಭಯವಿರಲಿಲ್ಲ. ಓದಿನಲ್ಲಿ ಹಿಂದುಳಿದ ಮಕ್ಕಳನ್ನು ಕೂರಿಸಿಕೊಂಡು ಆರು ಗಂಟೆಯವರೆಗೆ ಅವರು ಪಾಠ ಹೇಳುತ್ತಿದ್ದರು. ಅವರ ಒಳ್ಳೆಯತನವನ್ನೇ ನಾನು ಟೈಮ್‌ಟೇಬಲ್ ಮಾಡಿಕೊಂಡಿದ್ದೆ. ಇದು ಕಳ್ಳತನವಲ್ಲ, ನನ್ನ ಪಾಲನ್ನು ನಾನು ವಾಪಸು ತೆಗೆದುಕೊಳ್ಳುತ್ತಿದ್ದೇನೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹಾಗಿದ್ದರೆ ಸ್ಕೂಟರನ್ನು ದೂರದ ಹುಣಿಸೆಮರದ ಹಿಂದೆ ನಿಲ್ಲಿಸುವುದು ಏಕೆ ಎಂದು ಮಾತ್ರ ಕೇಳಿಕೊಳ್ಳಲಿಲ್ಲ.

ಆ ದಿನಗಳಲ್ಲೇ ಒಂದು ಬದಲಾವಣೆ ನನ್ನ ಕಣ್ಣಿಗೆ ಬಿತ್ತು. ಅವರ ಹೆಂಡತಿ ನನ್ನನ್ನು ಅಣ್ಣ ಎನ್ನುವುದು ಬಿಟ್ಟು ಮೇಷ್ಟ್ರೇ ಎನ್ನತೊಡಗಿದ್ದರು. ಮನೆಗೆ ಹೋದರೆ ಕಾಫಿ ಲೋಟವನ್ನು ಕೈಗೆ ಕೊಡದೆ ಕಟ್ಟೆಯ ಮೇಲೆ ಇಟ್ಟು ಒಳಗೆ ಹೋಗುತ್ತಿದ್ದರು. ಗಂಡ ಮಾಡುವ ಕೆಲಸ ಹೆಂಡತಿಗೆ ಗೊತ್ತಿದೆ, ಅದಕ್ಕೇ ನನ್ನ ಮುಖ ನೋಡಲಾರರು ಎಂದು ಅದನ್ನೂ ಸಾಕ್ಷಿಗೆ ಸೇರಿಸಿಕೊಂಡೆ.

ಇಂಗ್ಲಿಷ್ ಮೇಷ್ಟ್ರು ಮಾತ್ರ ಹಾಗೇ ಇದ್ದರು. ಸೀಮೆಸುಣ್ಣ ಮುರಿದು ಅರ್ಧ ನನಗೆ ಕೊಡುವುದು, ಡಬ್ಬಿಯಲ್ಲಿ ಚಿತ್ರಾನ್ನವಿದ್ದರೆ ನನ್ನ ಮುಚ್ಚಳಕ್ಕೆ ಸುರಿಯುವುದು, ಹೊಸ ಪದ ಸಿಕ್ಕಿದರೆ ಮೊದಲು ನನಗೆ ಹೇಳುವುದು. ಹೇಳುವಾಗ ಕನ್ನಡಕವನ್ನು ಹಣೆಯ ಮೇಲಕ್ಕೆ ತಳ್ಳಿ, ನನ್ನ ಮೊಣಕೈ ಹಿಡಿದುಕೊಳ್ಳುತ್ತಿದ್ದರು. ಇಷ್ಟು ನಟನೆ ಯಾರಿಂದಾದೀತು ಎಂದು ನನಗೆ ಒಳಗೊಳಗೇ ಉರಿಯುತ್ತಿತ್ತು.

ಒಂದು ಬುಧವಾರ ಮಧ್ಯಾಹ್ನ ವಾಲ್ವ್ ತೆರೆದು ಬಂದು ಬೆವರು ಒರೆಸಿಕೊಳ್ಳುತ್ತಿದ್ದೆ. ಹತ್ತನೆಯ ತರಗತಿಗೆ ಸೂತ್ರವೊಂದನ್ನು ಡಿರೈವ್ ಮಾಡಿ ತೋರಿಸಬೇಕಿತ್ತು. ಅವರು ನನ್ನ ನೋಟ್ಸು ನೋಡಿದವರೇ ಎದ್ದು ನಿಂತರು.

"ಮೇಷ್ಟ್ರೇ, ಈ ಡಿರೈವ್ ಇದೆಯಲ್ಲ, ಇದೂ ನಮ್ಮ ರೈವಲ್ ಮನೆಯದೇ! ತೊರೆಯಿಂದ ನೀರನ್ನ ಬೇರೆ ಕಡೆಗೆ ತಿರುಗಿಸ್ಕೊಳ್ಳೋದು ಅಂತ ಅದರ ಮೂಲ ಅರ್ಥ. ದಿನಾ ಮಾಡ್ತೀರಿ ನೀವು, ಮಾಡ್ತಿರೋದು ಏನು ಅಂತ್ಲೇ ಗೊತ್ತಿಲ್ಲ ನಿಮಗೆ!"

ಸ್ಟಾಫ್ ರೂಮೆಲ್ಲ ನಕ್ಕಿತು. ಗೊತ್ತಾಗಿದೆ, ಎಲ್ಲರ ಎದುರಿಗೆ ಚುಚ್ಚುತ್ತಿದ್ದಾರೆ ಎಂದುಕೊಂಡೆ. ಅವರ ಮುಖ ನೋಡಿದೆ. ಬಟಾಣಿ ಸಿಕ್ಕಿದ ಮಗುವಿನ ಮುಖ. ಎರಡು ವಾರ ಜಮೀನಿನ ಕಡೆ ಸುಳಿಯಲಿಲ್ಲ. ಏನೂ ಆಗಲಿಲ್ಲ. ಮತ್ತೆ ಶುರು ಮಾಡಿದೆ.

ಎರಡನೆಯ ಬೇಸಿಗೆಯಲ್ಲಿ ಮೋಟಾರು ಸುಟ್ಟಿತು. ದೊಡ್ಡಬಳ್ಳಾಪುರದಿಂದ ಮೆಕ್ಯಾನಿಕ್ ಬಂದು ಪೈಪುಗಳನ್ನು ಒಂದೊಂದಾಗಿ ಮೇಲೆತ್ತಿದ. ಮೋಟಾರಿನ ತಲೆಯ ಮೇಲಿದ್ದ ಒಂದು ವಾಲ್ವ್ ಬಿಚ್ಚಿ, ಅದರೊಳಗೆ ಬೆರಳು ತೂರಿಸಿ, ನನ್ನನ್ನು ಕರೆದ.

"ಸಾರ್, ನೀರು ವಾಪಸ್ ಹೋಗ್ದಂಗೆ ತಡೆಯೋದು ಇದು. ರಬ್ಬರ್ ಪೂರ್ತಿ ಸವೆದೋಗಿದೆ ನೋಡಿ. ಕರೆಂಟ್ ಹೋದಾಗೆಲ್ಲ ಪೈಪಲ್ಲಿರೋ ನೀರು ತಿರುಗಾ ಬೋರೊಳಕ್ಕೇ ಬಿದ್ದೋಗಿರ್ತದೆ. ದಿಣ್ಣೆ ಜಮೀನು ಯಾರ್ದು?"

"ನಂದು."

"ಹೊಡೆತ ನಿಮಗೇ ಬಿಡಿ. ಕರೆಂಟ್ ಬಂದ್ಮೇಲೆ ಅಷ್ಟುದ್ದ ಪೈಪು ತಿರುಗಾ ತುಂಬ್ಬೇಕು, ಆಮೇಲೆ ಗಿಡಕ್ಕೆ. ದಿನಕ್ಕೆ ಹತ್ತು ಸಲ ಕರೆಂಟ್ ಹೋಗ್ತದೆ. ಕೆಳಗಿನೋರಿಗೆ ಇದು ಗೊತ್ತೂ ಆಗಲ್ಲ. ಸೈನ್ಸ್ ಮೇಷ್ಟ್ರು ನೀವು, ನಾನೇನ್ ಹೇಳೋದು?"

ನನ್ನ ನೀರನ್ನು ಯಾರೂ ಕದ್ದಿರಲಿಲ್ಲ. ಅದು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತಿತ್ತು. ನೀರು ಇಳಿಜಾರಿಗೆ ಹರಿಯುತ್ತದೆ ಎಂದು ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿದ್ದವನು ನಾನು. ಇಳಿಜಾರನ್ನು ಬಿಟ್ಟು ಮನುಷ್ಯನನ್ನು ಹಿಡಿದಿದ್ದೆ. ಇಡೀ ವ್ಯವಹಾರದಲ್ಲಿ ಕಳ್ಳ ಇದ್ದದ್ದು ಒಬ್ಬನೇ, ಅವನು ಹುಣಿಸೆಮರದ ಹಿಂದೆ ಸ್ಕೂಟರ್ ನಿಲ್ಲಿಸುತ್ತಿದ್ದವನು.

ಅವತ್ತೇ ಸಂಜೆ ಎಲ್ಲ ಹೇಳಿಬಿಡಬೇಕೆಂದು ಅವರ ಮನೆಗೆ ಹೋದೆ. ರಬ್ಬರಿನ ವಿಷಯ ಹೇಳುತ್ತಿದ್ದಂತೆ ಅವರು ತೊಡೆ ತಟ್ಟಿಕೊಂಡು ನಕ್ಕರು. ಆಮೇಲೆ ನಗು ನಿಲ್ಲಿಸಿ, ನನ್ನ ಮೊಣಕೈ ಹಿಡಿದುಕೊಂಡು, "ಚಪ್ಪರ ಒಣಗ್ತಿದೆ ಅಂತ ನಂಗೊಂದು ಮಾತು ಹೇಳ್ಬಾರ್ದಾಗಿತ್ತಾ ಮೇಷ್ಟ್ರೇ? ಶುಕ್ರವಾರದ ನೀರು ನೀವೇ ಇಟ್ಕೋಬೋದಿತ್ತು. ಹುರುಳಿಕಾಯಿಗೆ ಎರಡು ದಿನ ಸಾಕು" ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ನಿಜ ಹೇಳಬೇಕೆಂದರೆ ಅವಮಾನದಿಂದ. ಅಷ್ಟರಲ್ಲಿ ಅವರ ಹೆಂಡತಿ ಕಾಫಿ ತಂದಿಟ್ಟು, ಹೋಗದೆ ಅಲ್ಲೇ ಬಾಗಿಲಿಗೆ ಒರಗಿ ನಿಂತರು. ಆಕೆಯ ಎದುರಿಗೆ ಬಾಯಿ ಬರಲಿಲ್ಲ. ಇನ್ನೊಂದು ದಿನ ಹೇಳೋಣ ಎಂದುಕೊಂಡು ಕಾಫಿ ಕುಡಿದು ಎದ್ದೆ.

ಆ ಇನ್ನೊಂದು ದಿನ ಒಂದು ವರ್ಷವಾದರೂ ಬರಲಿಲ್ಲ. ಕದಿಯುವುದನ್ನು ಬಿಟ್ಟೆ. ಹೊಸ ರಬ್ಬರ್ ಬಂದ ಮೇಲೆ ಚಪ್ಪರದ ಮೇಲಿನ ಸಾಲೂ ಚಿಗುರಿತು. ಮೊದಲ ಗೊಂಚಲನ್ನು ಅವರಿಗೇ ಕೊಟ್ಟೆ. ತಿಂದು, ಬೀಜ ಉಗಿದು, ಇನ್ನೊಂದು ಪದದ ಕತೆ ಹೇಳಿದರು. ಅನುಮಾನ ಆಗಲೂ ನನ್ನನ್ನು ಬಿಟ್ಟಿರಲಿಲ್ಲ, ಮಗ್ಗುಲು ಬದಲಿಸಿತ್ತು ಅಷ್ಟೆ. ಇವರಿಗೆ ಎಲ್ಲ ಗೊತ್ತಿದ್ದೂ ಸುಮ್ಮನಿದ್ದಾರೆಯೇ? ಶುಕ್ರವಾರದ ನೀರಿನ ಮಾತು ನನ್ನ ಬಾಯಿ ಬಿಡಿಸಲು ಎಸೆದ ಗಾಳವೇ? ಅವರು ಮೊಣಕೈ ಹಿಡಿದಾಗಲೆಲ್ಲ ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾಯುತ್ತಿದ್ದೆ. ಒಂದು ಬೆಳಿಗ್ಗೆ ಶಾಲೆಗೆ ಹೊರಟವರು ಚಪ್ಪಲಿ ಮೆಟ್ಟುತ್ತ ಹೊಸಿಲ ಮೇಲೆ ಕುಸಿದರು. ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು.

ಸಂತಾಪ ಸಭೆ ಮುಗಿದ ಭಾನುವಾರ ಅವರ ಮನೆಗೆ ಹೋದೆ. ಆಕೆ ಪಡಸಾಲೆಯಲ್ಲಿ ಮೊರ ಮುಂದಿಟ್ಟುಕೊಂಡು ಬಿತ್ತನೆಯ ಕಾಳು ಆರಿಸುತ್ತಿದ್ದರು. ಮಗಳು ತನ್ನ ಮನೆಗೆ ಕರೆಯುತ್ತಿದ್ದಾಳೆ, ಹೋಗುವುದಿಲ್ಲ, ಬೇಸಾಯ ಬಿಡುವುದಿಲ್ಲ ಎಂದರು. ನಾನು ಕೂತೆ. ಇನ್ನು ಹೇಳದಿದ್ದರೆ ಜನ್ಮದಲ್ಲಿ ಹೇಳಲಾರೆ ಎನಿಸಿತು.

"ಅಕ್ಕಾ, ಒಂದು ತಪ್ಪಾಗಿದೆ ನನ್ನಿಂದ. ನೀರಿನ ವಿಷಯ..."

"ಗೊತ್ತು" ಎಂದರು. ಕಾಳಿನಿಂದ ಕಣ್ಣೆತ್ತಲಿಲ್ಲ. "ಸೋಮವಾರ, ಬುಧವಾರ, ಶುಕ್ರವಾರ. ಒಂದೂವರೆಗೆ ಬರ್ತಿದ್ರಿ. ಹುರುಳಿಕಾಯಿ ಸಾಲಲ್ಲಿ ಕುಕ್ಕರಗಾಲಲ್ಲಿ ಕೂತೋಳು ನಿಮ್ಗೆ ಕಾಣ್ತಿರ್ಲಿಲ್ಲ. ನಂಗೆ ನೀವು ಕಾಣ್ತಿದ್ರಿ."

"ಅವರಿಗೆ... ಹೇಳಿದ್ರಾ?"

"ಇಲ್ಲ."

ಹುಳುಕು ಕಾಳೊಂದನ್ನು ಆರಿಸಿ ಪಕ್ಕಕ್ಕೆ ಎಸೆದರು.

"ಸಂಜೆ ಮನೆಗೆ ಬಂದ್ರೆ ನಿಮ್ದೇ ಮಾತು. ಇವತ್ತು ಮೇಷ್ಟ್ರಿಗೆ ಇದು ಹೇಳ್ದೆ, ಮೇಷ್ಟ್ರು ಹಿಂಗಂದ್ರು. ಅವರ ಆ ಪದದ ಪುರಾಣ ಈ ಊರಲ್ಲಿ ಇನ್ಯಾರು ಕೇಳೋರು? ನಂಗೂ ತಾಳ್ಮೆ ಇರ್ಲಿಲ್ಲ. ಹೇಳಿದ್ರೆ ಮಾರನೆ ದಿನಕ್ಕೆ ಅವರಿಗೆ ಒಬ್ರೂ ಇರ್ತಿರ್ಲಿಲ್ಲ. ಹುರುಳಿಕಾಯಿ ಹೋದ್ರೆ ಹೋಗ್ಲಿ ಅಂತ ಬಾಯಿ ಮುಚ್ಕೊಂಡೆ."

ಹಾಗಾದರೆ ಅವರಿಗೆ ಗೊತ್ತೇ ಇರಲಿಲ್ಲ. ಗಾಳವಿರಲಿಲ್ಲ, ಚುಚ್ಚುಮಾತಿರಲಿಲ್ಲ, ನಟನೆಯಿರಲಿಲ್ಲ. ನನ್ನನ್ನು ಸ್ನೇಹಿತನೆಂದು ತಿಳಿದುಕೊಂಡೇ ಹೋದರು. ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಅಳುತ್ತಲೇ, ನಿಮ್ಮದು ದೊಡ್ಡ ಮನಸ್ಸು ಅಕ್ಕಾ, ನನ್ನನ್ನು ಕ್ಷಮಿಸಿದಿರಿ ಎಂದೇನೋ ತೊದಲಿದೆ.

ಆಕೆ ಮೊರ ಕೆಳಗಿಟ್ಟು, ಮೊದಲ ಸಲ ನನ್ನ ಮುಖ ನೋಡಿದರು.

"ಕ್ಷಮಿಸಿದೆ ಅಂತ ಯಾರಂದ್ರು? ಅವರಿಗೆ ನೀವು ಬೇಕಾಗಿದ್ರಿ, ಅದಕ್ಕೆ ಸುಮ್ನಿದ್ದೆ. ಈಗ ಅವರಿಲ್ಲ. ನೆನ್ನೆ ಎರಡೂ ವಾಲ್ವಿಗೆ ಚೈನು ಹಾಕ್ಸಿ ಬೀಗ ಜಡಿಸಿದೀನಿ. ನಿಮ್ ದಿನ ನೀವು ಇಲ್ಲಿಗ್ ಬನ್ನಿ, ಕೀ ಕೊಡ್ತೀನಿ. ಸಾಯಂಕಾಲ ತಂದ್ಕೊಡಿ."

ಬೀಗ ಒಡೆಸುವ ಹಕ್ಕು ನನಗಿದೆ, ಬಾವಿಯಲ್ಲಿ ಅರ್ಧ ನನ್ನದು. ಆದರೂ ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಅವರ ಹೊಸಿಲ ಹೊರಗೆ ನಿಂತು ಕೂಗುತ್ತೇನೆ: "ಅಕ್ಕಾ, ಕೀ ಕೊಡಿ."